ನಾಲ್ಕು ವಾರದ ಸ್ಪ್ಯಾನಿಷ್: ಜಾಹೀರಾತು ಹೇಳದ ಲೆಕ್ಕ

ಮಾನ್ಯ ಸಂಪಾದಕರೇ,

‘ನಾಲ್ಕೇ ವಾರ ಸ್ಪೇನ್‌ನಲ್ಲಿರಿ, ಅರಳು ಹುರಿದಂತೆ ಸ್ಪ್ಯಾನಿಷ್ ಮಾತಾಡಿ’ ಎಂಬ ಧಾಟಿಯ ಜಾಹೀರಾತುಗಳು ಪತ್ರಿಕೆಗಳ ಶಿಕ್ಷಣ ಪುರವಣಿಗಳಲ್ಲಿ ಆಗಾಗ ಕಾಣಿಸುತ್ತವೆ. ಮೊದಲ ಸಲ ವಿದೇಶಕ್ಕೆ ಹೊರಟ ಹುಡುಗ ಹುಡುಗಿಯರೂ ಅವರನ್ನು ಕಳಿಸುವ ಮನೆಯವರೂ ನಂಬುವುದು ಒಂದನ್ನೇ: ಅಲ್ಲಿಗೆ ಹೋಗಿಬಿಟ್ಟರೆ ಸಾಕು, ಭಾಷೆ ತಾನಾಗಿ ಬರುತ್ತದೆ. ತಾನಾಗಿ ಬರುವುದಿಲ್ಲ. ಆ ಭಾಷೆಯ ಊರಲ್ಲೇ ಇದ್ದು ಕಲಿಯುವ ಈ ಪದ್ಧತಿಗೆ ಇಮ್ಮರ್ಶನ್ ಎನ್ನುತ್ತಾರೆ. ಇಮ್ಮರ್ಶನ್ ಎಂದರೆ ಮುಳುಗುವುದು ನಿಜ, ಆದರೆ ಕೋರ್ಸಿಗೆ ಹೋದವರಲ್ಲಿ ಅನೇಕರು ದಡದಲ್ಲೇ ಕಾಲು ತೋಯಿಸಿಕೊಂಡು ವಾಪಸಾಗುತ್ತಾರೆ. ಏಕೆ ಹೀಗಾಗುತ್ತದೆ, ತಪ್ಪಿಸಲು ಏನು ಮಾಡಬೇಕು ಎಂಬುದನ್ನು ಹೇಳಲು ಈ ಪತ್ರ.

ಮೊದಲು ಗಂಟೆಗಳ ಲೆಕ್ಕ. ‘ಇಂಟೆನ್ಸಿವ್’ ಎಂದು ಕರೆಯುವ ಸಾಮಾನ್ಯ ಕೋರ್ಸಿನಲ್ಲಿ ವಾರಕ್ಕೆ 20 ಪಾಠಗಳಿರುತ್ತವೆ. ಒಂದು ಪಾಠ ಎಂದರೆ ಒಂದು ಗಂಟೆಯಲ್ಲ. ಕೆಲವು ಶಾಲೆಗಳಲ್ಲಿ 45 ನಿಮಿಷ, ಕೆಲವೆಡೆ 50 ಅಥವಾ 55. ಐವತ್ತು ನಿಮಿಷ ಎಂದಿಟ್ಟುಕೊಂಡರೆ ವಾರಕ್ಕೆ 16 ಗಂಟೆ 40 ನಿಮಿಷ, ನಾಲ್ಕು ವಾರಕ್ಕೆ 66 ಗಂಟೆ 40 ನಿಮಿಷ. ಇಂಗ್ಲಿಷ್ ಮನೆಮಾತಿನ ರಾಜತಾಂತ್ರಿಕರು ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವ ಮಟ್ಟ ಮುಟ್ಟಲು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿರುವ ಅಂದಾಜು 600ರಿಂದ 750 ತರಗತಿ ಗಂಟೆ. ಅಂದರೆ ನಾಲ್ಕು ವಾರದ ತರಗತಿ ಅದರ ಹತ್ತನೇ ಒಂದು ಪಾಲು. ಸೊನ್ನೆಯಿಂದ ಶುರು ಮಾಡಿದವರು ಇಷ್ಟರಲ್ಲಿ ಎ1 (ಎ1ರಿಂದ ಸಿ2ವರೆಗಿನ ಯುರೋಪಿನ ಆರು ಭಾಷಾ ಮಟ್ಟಗಳಲ್ಲಿ ಮೊದಲನೆಯದು) ಮುಗಿಸಬಹುದು, ಚುರುಕಿದ್ದರೆ ಎ2ಕ್ಕೆ ಕಾಲಿಡಬಹುದು. ಅದೇನೂ ಕಡಿಮೆಯಲ್ಲ, ಆದರೆ ಅದು ‘ನಿರರ್ಗಳ’ ಅಲ್ಲ.

ಇನ್ನೊಂದು ಬದಿಯ ಲೆಕ್ಕ ಜಾಹೀರಾತಿನಲ್ಲಿ ಇರುವುದೇ ಇಲ್ಲ. ದಿನಕ್ಕೆ 16 ಗಂಟೆ ಎಚ್ಚರವಿದ್ದರೆ ವಾರಕ್ಕೆ 112 ಗಂಟೆ. ತರಗತಿಯದನ್ನು ಕಳೆದರೆ 95 ಗಂಟೆ ಉಳಿಯುತ್ತದೆ. ವ್ಯಾಕರಣವನ್ನು ಮನೆಯಲ್ಲಿ ಕೂತೂ ಕಲಿಯಬಹುದು. ವಿಮಾನ ಹತ್ತುವುದು ಈ 95 ಗಂಟೆಗಾಗಿ. ಶಾಲೆ, ಊರು, ಉಳಿಯುವ ಮನೆ, ಯಾವುದನ್ನೇ ಆಯುವಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ 95ರಲ್ಲಿ ಎಷ್ಟು ಗಂಟೆ ಕಿವಿಗೂ ಬಾಯಿಗೂ ಸ್ಪ್ಯಾನಿಷ್ ಸಿಗುತ್ತದೆ?

ಊರಿನ ಆಯ್ಕೆಯಲ್ಲೇ ಅರ್ಧ ಆಟ ಮುಗಿಯುತ್ತದೆ. ಬಾರ್ಸೆಲೋನ ಚೆಂದದ ನಗರ. ಆದರೆ ಅಲ್ಲಿ ಕತಲಾನ್ ಕೂಡ ಅಧಿಕೃತ ಭಾಷೆ. ಬೀದಿಯ ಫಲಕ, ಮೆಟ್ರೊ ಘೋಷಣೆ, ವಿಶ್ವವಿದ್ಯಾಲಯದ ಬಹಳಷ್ಟು ತರಗತಿಗಳು ಅದರಲ್ಲೇ. ಕತಲಾನ್ ಅನ್ನು ಸ್ಪ್ಯಾನಿಷ್‌ನ ಉಪಭಾಷೆ ಎನ್ನುವುದು ತುಳುವನ್ನು ಕನ್ನಡದ ಉಪಭಾಷೆ ಎಂದಷ್ಟೇ ತಪ್ಪು. ಎರಡನೇ ಸಲ ಹೋಗುವವರಿಗೆ ಅದೊಂದು ಹೆಚ್ಚುವರಿ ಸಂತೋಷ, ಮೊದಲ ಸಲದವರಿಗೆ ಗೊಂದಲ. ಜತೆಗೆ ಪ್ರವಾಸಿಗರು ಹೆಚ್ಚಿರುವ ಕಡೆ ನೀವು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಇಂಗ್ಲಿಷ್‌ಗೆ ಹೊರಳುತ್ತಾರೆ. ಕಸ್ತೀಲಿಯ ಕಡೆಯ ಸಲಮಂಕ, ವಯ್ಯದೊಲಿದ್, ಬುರ್ಗೋಸ್‌ನಂಥ ಮಧ್ಯಮ ಊರುಗಳಲ್ಲಿ ಈ ಎರಡೂ ತೊಂದರೆ ಕಡಿಮೆ. ಸಲಮಂಕದ ವಿಶ್ವವಿದ್ಯಾಲಯ 1218ರದ್ದು. ವಿದೇಶಿ ವಿದ್ಯಾರ್ಥಿಗಳಿಗೆ ಭಾಷೆ ಕಲಿಸುವುದು ಆ ಊರಿನ ಕಸುಬೇ ಆಗಿಬಿಟ್ಟಿದೆ. ಅದೇ ಕಾರಣಕ್ಕೆ ಬೇಸಿಗೆಯಲ್ಲಿ ಅಲ್ಲಿ ಸ್ಪ್ಯಾನಿಷರಿಗಿಂತ ಕಲಿಯುವವರೇ ಹೆಚ್ಚು ಕಂಡರೂ ಅಚ್ಚರಿಯಿಲ್ಲ. ಅಕ್ಟೋಬರ್ ಅಥವಾ ಫೆಬ್ರವರಿ ಉತ್ತಮ. ದಕ್ಷಿಣದ ಅಂದಲೂಸಿಯ ಪ್ರಾಂತ್ಯದ ಗ್ರನಾದ, ಸೆವಿಯ ಕಡೆ ಬದುಕು ಅಗ್ಗ, ಜನ ಮಾತುಗಾರರು, ಆದರೆ ಅಂದಲೂಸಿಯದವರು ಪದದ ಕೊನೆಯ ‘ಸ್’ ನುಂಗುತ್ತಾರೆ. ಮೊದಲ ಹತ್ತು ದಿನ ಏನೂ ಕೇಳಿಸದಿದ್ದರೆ ತಪ್ಪು ನಿಮ್ಮ ಕಿವಿಯದಲ್ಲ.

ಅಟ್ಲಾಂಟಿಕ್ ದಾಟುವುದಾದರೆ ಗ್ವಾತೆಮಾಲದ ಆಂತೀಗ್ವವನ್ನು ಹೆಚ್ಚಿನವರು ಮರೆಯುತ್ತಾರೆ. ಅಲ್ಲಿಯ ಶಾಲೆಗಳ ವಾಡಿಕೆಯೇ ಬೇರೆ: ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕ, ದಿನಕ್ಕೆ ನಾಲ್ಕೈದು ಗಂಟೆ. ಹನ್ನೆರಡು ಜನರ ತರಗತಿಯಲ್ಲಿ 50 ನಿಮಿಷಕ್ಕೆ ನಿಮ್ಮ ಬಾಯಿಗೆ ಸಿಗುವುದು ಹೆಚ್ಚೆಂದರೆ ಮೂರ‍್ನಾಲ್ಕು ನಿಮಿಷ. ಅಲ್ಲಿ ಇಡೀ ಗಂಟೆ ನಿಮ್ಮದೇ. ನಾಚಿಕೆ ಸ್ವಭಾವದವರಿಗೆ, ತೀರಾ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಕಡಿಮೆ. ಎಕ್ವದೋರ್‌ನ ಕೀತೊದಲ್ಲಿ ನಾಣ್ಯ ಬದಲಿಸುವ ತಲೆನೋವಿಲ್ಲ, ಅಲ್ಲಿ ಅಮೆರಿಕನ್ ಡಾಲರ್ ಚಲಾವಣೆ. ತಲೆನೋವು ಬೇರೆ ಕಾರಣಕ್ಕೆ ಬರುತ್ತದೆ: ಊರು 2,850 ಮೀಟರ್ ಎತ್ತರದಲ್ಲಿದೆ. ಪೆರುವಿನ ಕುಸ್ಕೊ ಇನ್ನೂ ಮೇಲೆ, ಸುಮಾರು 3,400 ಮೀಟರ್. ಇಂಥ ಕಡೆ ಭಾನುವಾರ ಇಳಿದು ಸೋಮವಾರ ಶಾಲೆಯ ಮಟ್ಟ ಪರೀಕ್ಷೆಗೆ ಕೂತರೆ ಅಳೆಯುವುದು ನಿಮ್ಮ ಸ್ಪ್ಯಾನಿಷ್ ಅಲ್ಲ, ಶ್ವಾಸಕೋಶ. ಮೂರು ದಿನ ಮೊದಲೇ ತಲುಪಿ. ಬ್ಯೂನಸ್ ಐರಿಸ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ: ಅಲ್ಲಿ ನೀನು ಎನ್ನುವ ‘ತೂ’ ಬದಲು ‘ಬೋಸ್’, ಕ್ರಿಯಾಪದವೂ ಬೇರೆ, ಬೀದಿ ಎನ್ನುವ ‘ಕಾಯೆ’ ಅಲ್ಲಿ ‘ಕಾಶೆ’, ನಾನು ಎನ್ನುವ ‘ಯೋ’ ಅಲ್ಲಿ ‘ಶೋ’.

ಶಾಲೆಯನ್ನು ಆಯುವಾಗ ಸೆರ್ವಾಂತೆಸ್ ಸಂಸ್ಥೆಯ ಮಾನ್ಯತೆ ಇದೆಯೇ ನೋಡಿ. 1991ರಲ್ಲಿ ಸ್ಪೇನ್ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆ ಶಾಲೆಗಳ ಬೋಧನೆ, ಕಟ್ಟಡ, ಆಡಳಿತವನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಆಮೇಲೆ ಇಮೇಲ್ ಬರೆದು ನೇರವಾಗಿ ಕೇಳಿ: ಒಂದು ಪಾಠ ಎಷ್ಟು ನಿಮಿಷ? ತರಗತಿಯಲ್ಲಿ ಗರಿಷ್ಠ ಎಷ್ಟು ಜನ? ನನ್ನ ಮಟ್ಟದಲ್ಲಿ ಇಬ್ಬರೇ ಇದ್ದರೆ ಪಾಠದ ಅವಧಿ ಕಡಿತ ಮಾಡುತ್ತೀರಾ? ತೀರಾ ಹೊಸಬರಿಗೆ ಯಾವ ದಿನಾಂಕಕ್ಕೆ ಪ್ರವೇಶ? ಈ ಕೊನೆಯ ಪ್ರಶ್ನೆ ಮುಖ್ಯ. ಸ್ವಲ್ಪ ಬಲ್ಲವರು ಯಾವ ಸೋಮವಾರ ಬೇಕಾದರೂ ಸೇರಬಹುದು, ಸೊನ್ನೆಯಿಂದ ಶುರು ಮಾಡುವವರಿಗೆ ಬಹಳ ಶಾಲೆಗಳಲ್ಲಿ ತಿಂಗಳಿಗೊಂದೋ ಎರಡೋ ದಿನಾಂಕ ಮಾತ್ರ. ಟಿಕೆಟ್ ಕೊಂಡ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ. ವೀಸಾ ಸಿಗದಿದ್ದರೆ ಶುಲ್ಕದಲ್ಲಿ ಎಷ್ಟು ವಾಪಸ್, ಎಷ್ಟು ದಿನದೊಳಗೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ವೀಸಾ ವಿಷಯ ಚುಟುಕಾಗಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ಪೇನ್‌ನಲ್ಲಿ 90 ದಿನದೊಳಗಿನ ಕೋರ್ಸಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ವೀಸಾ ಪಡೆಯಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತೊಂಬತ್ತು ದಿನ ದಾಟಿದರೆ ವಿದ್ಯಾರ್ಥಿಯ ರಾಷ್ಟ್ರೀಯ ವೀಸಾ ಬೇಕು. ಇಲ್ಲಿ ಎಡವುವವರು ಹೆಚ್ಚು. ದೂತಾವಾಸ ಕೇಳುವುದು ವಾರಕ್ಕೆ 20 ಗಂಟೆಯ ಕೋರ್ಸ್. ನೀವು ಕಟ್ಟಿರುವುದು 20 ಪಾಠದ್ದು. ತಲಾ 45 ನಿಮಿಷದ ಪಾಠವಾದರೆ ಅದು 15 ಗಂಟೆ ಮಾತ್ರ. ಗಂಟೆ ಎಷ್ಟೆಂದು ಸ್ಪಷ್ಟವಾಗಿ ನಮೂದಿಸಿದ ಪ್ರವೇಶಪತ್ರವನ್ನು ಶಾಲೆಯಿಂದ ಕೇಳಿ ಪಡೆಯಿರಿ. ಖರ್ಚಿನ ಹಣ ತೋರಿಸಲು ಅಲ್ಲಿ ‘ಐಪ್ರೆಮ್’ ಎಂಬ ಸರ್ಕಾರಿ ಸೂಚ್ಯಂಕವೇ ಅಳತೆಗೋಲು. 2023ರಲ್ಲಿ ಅದನ್ನು ತಿಂಗಳಿಗೆ 600 ಯೂರೊ ಎಂದು ನಿಗದಿ ಮಾಡಲಾಯಿತು. ಆರು ತಿಂಗಳಿಗಿಂತ ಹೆಚ್ಚು ಇರುವವರು ಸ್ಪೇನ್ ಪ್ರವೇಶಿಸಿದ ಒಂದು ತಿಂಗಳೊಳಗೆ ‘ತಿಯೆ’ ಎಂಬ ವಿದೇಶೀಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು, ಅದಕ್ಕೂ ಮುಂಚೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕಾಗುತ್ತದೆ. ಬಾಡಿಗೆ ಕೊಟ್ಟವರು ಈ ನೋಂದಣಿಗೆ ಒಪ್ಪುತ್ತಾರೆಯೇ ಎಂದು ಮುಂಗಡ ಕೊಡುವ ಮುನ್ನವೇ ಕೇಳಿ. 2025ರ ಮೇ 20ರಿಂದ ಸ್ಪೇನ್‌ನಲ್ಲಿ ಹೊಸ ವಲಸೆ ನಿಯಮಾವಳಿ ಜಾರಿಯಲ್ಲಿದೆ, ಹಾಗಾಗಿ ಎರಡು ವರ್ಷ ಹಿಂದೆ ಹೋಗಿ ಬಂದವರ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ.

ಉಳಿಯುವ ಜಾಗದ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಮೊದಲ ಸಲ ಹೋಗುವವರು ಕುಟುಂಬವೊಂದರ ಮನೆಯಲ್ಲೇ ಇರಬೇಕು. ವಿದ್ಯಾರ್ಥಿಗಳ ಫ್ಲ್ಯಾಟ್ ಅಗ್ಗ, ಸ್ವಾತಂತ್ರ್ಯವೂ ಹೆಚ್ಚು. ಆದರೆ ಅಲ್ಲಿ ಜರ್ಮನಿ, ಬ್ರೆಜಿಲ್, ಕೊರಿಯದವರು ಸೇರಿ ಮಾತಾಡುವುದು ಇಂಗ್ಲಿಷ್. ಮನೆಯ ಅರ್ಜಿಯಲ್ಲಿ ಎರಡು ಸಂಗತಿ ಬರೆಯಿರಿ. ಒಂದು, ನನ್ನ ಭಾಷೆಯವರು ಅದೇ ಮನೆಯಲ್ಲಿ ಬೇಡ. ಇನ್ನೊಂದು, ಇಂಗ್ಲಿಷ್ ಅಭ್ಯಾಸಕ್ಕೆ ಕಾದು ಕೂತಿರುವ ಮಕ್ಕಳಿರುವ ಮನೆ ಬೇಡ. ಗೆಳೆಯರಿಬ್ಬರು ಒಟ್ಟಿಗೆ ಹೊರಟಿದ್ದರೆ ಮನೆ ಬೇರೆ, ಸಾಧ್ಯವಾದರೆ ತರಗತಿಯೂ ಬೇರೆ ಇರಲಿ. ಕೇಳಲು ಕಠೋರ, ಆದರೆ ಒಂದೇ ಕೋಣೆಯಲ್ಲಿ ಇಬ್ಬರು ಕನ್ನಡಿಗರಿದ್ದರೆ ಅಲ್ಲಿ ಸ್ಪ್ಯಾನಿಷ್‌ಗೆ ಜಾಗ ಎಲ್ಲಿಯದು?

ಆ ಮನೆಯ ಊಟದ ಮೇಜೇ ನಿಜವಾದ ತರಗತಿ. ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ಎರಡರಿಂದ ಮೂರೂವರೆ, ರಾತ್ರಿಯದು ಒಂಬತ್ತರಿಂದ ಹತ್ತು. ಟಿವಿಯಲ್ಲಿ ವಾರ್ತೆ ಓಡುತ್ತಿರುತ್ತದೆ, ಮೂವರು ಒಟ್ಟಿಗೇ ಮಾತಾಡುತ್ತಿರುತ್ತಾರೆ. ‘ಪೆನ್ಸಿಯೋನ್ ಕೊಂಪ್ಲೇತ’ ಎಂದರೆ ಮೂರೂ ಹೊತ್ತಿನ ಊಟ, ‘ಮೇದಿಯ ಪೆನ್ಸಿಯೋನ್’ ಎಂದರೆ ತಿಂಡಿ ಮತ್ತು ಒಂದು ಊಟ. ಮೂರೂ ಹೊತ್ತಿನದನ್ನೇ ತೆಗೆದುಕೊಳ್ಳಿ. ವ್ಯತ್ಯಾಸದ ದುಡ್ಡನ್ನು ಊಟಕ್ಕಲ್ಲ, ದಿನಕ್ಕೊಂದು ಹೆಚ್ಚುವರಿ ಗಂಟೆಯ ಮಾತಿಗೆ ಕೊಟ್ಟಿರಿ ಎಂದುಕೊಳ್ಳಿ.

ಸಸ್ಯಾಹಾರಿಗಳು ಇಲ್ಲೊಂದು ಕ್ಷಣ ನಿಲ್ಲಬೇಕು. ‘ಸಿನ್ ಕಾರ‍್ನೆ’ ಎಂದರೆ ಮಾಂಸವಿಲ್ಲದ್ದು ಎಂದು ಪಾಠದಲ್ಲಿ ಓದಿರುತ್ತೀರಿ. ಆದರೆ ಬಹಳ ಜನರ ಬಾಯಲ್ಲಿ ‘ಕಾರ‍್ನೆ’ ಎಂದರೆ ದನ, ಹಂದಿಯ ಗಟ್ಟಿ ತುಂಡು. ‘ಸಿನ್ ಕಾರ‍್ನೆ’ ಸಲಾಡ್‌ನಲ್ಲಿ ತ್ಯೂನಾ ಮೀನು, ‘ಸಿನ್ ಕಾರ‍್ನೆ’ ತರಕಾರಿಯಲ್ಲಿ ಹಮೋನ್ ಎಂಬ ಉಪ್ಪಿಟ್ಟ ಹಂದಿ ಮಾಂಸದ ಚೂರು ಬರುತ್ತದೆ. ತಂದಿಟ್ಟವರಿಗೆ ಮೋಸದ ಉದ್ದೇಶ ಎಳ್ಳಷ್ಟೂ ಇರುವುದಿಲ್ಲ. ‘ಲೆಂತೇಹಾಸ್’ ಎಂಬ ಮಸೂರದ ಬೇಳೆಯ ಸಾರು ನೋಡಿ ಹಿಗ್ಗಬೇಡಿ, ಅದು ವಾಡಿಕೆಯಲ್ಲಿ ಚೊರೀಸೊ ಎಂಬ ಹಂದಿ ಸಾಸೇಜಿನ ಜತೆ ಕುದಿಯುತ್ತದೆ. ಮೆಕ್ಸಿಕೊದ ಅರೆದ ಬೀನ್ಸ್ ಕಾಳು ಹಂದಿಯ ಕೊಬ್ಬಿನಲ್ಲಿ ಬಾಡಿರಬಹುದು. ಆದ್ದರಿಂದ ಪದ ಹೇಳಬೇಡಿ, ಪಟ್ಟಿ ಹೇಳಿ: ‘ನೊ ಕೋಮೊ ಕಾರ‍್ನೆ, ನಿ ಪೋಯೊ, ನಿ ಹಮೋನ್, ನಿ ಪೆಸ್ಕಾದೊ, ನಿ ಅತೂನ್, ನಿ ಕಾಲ್ದೊ ದೆ ಕಾರ‍್ನೆ’. ಮಾಂಸ, ಕೋಳಿ, ಹಮೋನ್, ಮೀನು, ತ್ಯೂನಾ, ಮಾಂಸದ ಸಾರು ಯಾವುದೂ ಬೇಡ ಎಂದರ್ಥ. ಮೊಟ್ಟೆ ತಿನ್ನುವಿರೋ ಇಲ್ಲವೋ ಬೇರೆಯಾಗಿ ತಿಳಿಸಿ, ಏಕೆಂದರೆ ಸ್ಪೇನ್‌ನ ‘ತೊರ‍್ತಿಯ’ ಆಲೂಗಡ್ಡೆ ಹಾಕಿದ ಆಮ್ಲೆಟ್, ಮೆಕ್ಸಿಕೊದ ‘ತೊರ‍್ತಿಯ’ ಮೆಕ್ಕೆಜೋಳದ ರೊಟ್ಟಿ.

ಮನೆಯ ಕಟ್ಟಳೆಗಳು ಸಣ್ಣವು, ಆದರೆ ಮುನಿಸು ಹುಟ್ಟುವುದು ಅಲ್ಲಿಯೇ. ಬರಿಗಾಲಲ್ಲಿ ಓಡಾಡುವುದು ನಮಗೆ ಶುಚಿ, ಅವರಿಗೆ ಕಿರಿಕಿರಿ. ಮನೆಯೊಳಗಿನ ಚಪ್ಪಲಿ ಒಂದು ಜೊತೆ ಒಯ್ಯಿರಿ. ಕೆಲವು ಹಳೆಯ ಮನೆಗಳಲ್ಲಿ ಬಿಸಿನೀರು ಬರುವುದು ಸಿಲಿಂಡರ್ ಗ್ಯಾಸಿನಿಂದ. ಇಪ್ಪತ್ತು ನಿಮಿಷ ಸ್ನಾನ ಮಾಡಿದರೆ ಸಿಲಿಂಡರ್ ಮುಗಿದು ಮುಂದಿನವರಿಗೆ ತಣ್ಣೀರು ಬಂದೀತು. ಅಡುಗೆಮನೆ ಬಳಕೆ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಬಟ್ಟೆ ತೊಳೆಯುವುದು ವಾರಕ್ಕೊಮ್ಮೆ. ಊಟಕ್ಕೆ ಬರುವುದಿಲ್ಲವಾದರೆ ಮೊದಲೇ ಸಂದೇಶ ಕಳಿಸಿ. ಇದನ್ನು ಮರೆತವರ ಮೇಲೆ ಬರುವ ಕೋಪ ವ್ಯಾಕರಣದ ಯಾವ ತಪ್ಪಿಗೂ ಬರುವುದಿಲ್ಲ.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮ ವಿದ್ಯಾರ್ಥಿಗಳು ಸ್ಪ್ಯಾನಿಷ್ ಅನ್ನು ಇಂಗ್ಲಿಷ್ ಮೂಲಕ ಕಲಿಯುತ್ತಾರೆ, ಏಕೆಂದರೆ ಪುಸ್ತಕ, ಆ್ಯಪ್ ಎಲ್ಲ ಇಂಗ್ಲಿಷಿನವು. ಆ ಅಡ್ಡದಾರಿಯೇ ಅವರನ್ನು ಸುಸ್ತು ಮಾಡುತ್ತದೆ. ಕನ್ನಡದಿಂದ ನೇರ ದಾರಿ ಇದೆ.

ಉಚ್ಚಾರದಿಂದಲೇ ಶುರು ಮಾಡಿ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ ಇದ್ದಂತೆಯೇ; ಇಂಗ್ಲಿಷಿನವರಂತೆ ಎಳೆಯುವುದು, ತಿರುಚುವುದು ಬೇಡ. ಅಲ್ಲಿನ ಟಿ, ಡಿ ಅಕ್ಷರಗಳು ಹಲ್ಲಿಗೆ ನಾಲಿಗೆ ತಾಗಿಸುವ ತ, ದ. ಇಂಗ್ಲಿಷ್‌ನಿಂದ ಬಂದ ಪದಗಳನ್ನು ಟ, ಡ ಹಾಕಿ ಹೇಳುವ ರೂಢಿ ನಮಗೆ ಅಂಟಿದೆ, ಅದನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬಿಡಿ: ‘ಟೊಮ್ಯಾಟೊ’ ಅಲ್ಲ, ‘ತೊಮಾತೆ’. ನಾಯಿಗೆ ‘ಪೆರ್ರೊ’, ಆದರೆ ಎನ್ನಲು ‘ಪೆರೊ’. ಈ ಕಂಪಿಸುವ ರ್ರ ಹೇಳಲು ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಾವು ‘ಸರ್ರನೆ ಜಾರಿತು’, ‘ಬುರ್ರನೆ ಹಾರಿತು’ ಎನ್ನುವಾಗ ಅದನ್ನೇ ಹೇಳುತ್ತೇವೆ. ಇನ್ನು ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಞ ಅಕ್ಷರಕ್ಕೆ ಅಲ್ಲಿ ಕೈತುಂಬ ಕೆಲಸ. ‘ತೆಂಗೊ ಬೇಯ್ಂತೆ ಆಞೊಸ್’ ಎಂದರೆ ನನಗೆ ಇಪ್ಪತ್ತು ವರ್ಷ. ಆ ಞ ಜಾಗದಲ್ಲಿ ನ ಹೇಳಿದರೆ ವರ್ಷದ ಬದಲು ಗುದದ್ವಾರ ಎಂದಾಗುತ್ತದೆ.

ಕೈಕೊಡುವ ಧ್ವನಿಗಳೂ ಇವೆ. ‘ವಿ’ ಅಕ್ಷರ ಕಂಡರೆ ನಾವು ವ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಪದದ ಮೊದಲಿಗೆ ಅದು ಬ, ವೈನ್‌ಗೆ ‘ಬೀನೊ’. ಅದಕ್ಕಿಂತ ದೊಡ್ಡ ಸಮಸ್ಯೆ ಒತ್ತು. ಕನ್ನಡದಲ್ಲಿ ಪದದ ಯಾವ ಭಾಗ ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ. ಅಲ್ಲಿ ಕೆಡುತ್ತದೆ: ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಅಬ್ಲೋ’ ಎಂದರೆ ಅವನು ಮಾತಾಡಿದ. ‘ಪಪಾ’ ಅಪ್ಪ, ‘ಪಾಪ’ ಲ್ಯಾಟಿನ್ ಅಮೆರಿಕದ ಆಲೂಗಡ್ಡೆ. ನಿಯಮ ಸರಳ. ಪದ ಸ್ವರದಲ್ಲಿ ಅಥವಾ ನ್, ಸ್ ವ್ಯಂಜನದಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ, ಉಳಿದದ್ದಕ್ಕೆ ಕೊನೆಯ ಅಕ್ಷರಕ್ಕೆ, ಇದಕ್ಕೆ ಹೊರತಾದ ಕಡೆ ಅಕ್ಷರದ ತಲೆಯ ಮೇಲೆ ಗೀಟು ಇರುತ್ತದೆ. ಹೊರಡುವ ಮೊದಲೇ ಇದು ನಾಲಿಗೆಗೆ ಹತ್ತಿರಬೇಕು.

ವಾಕ್ಯರಚನೆಯಲ್ಲಿ ಕನ್ನಡ ಇನ್ನೂ ದೊಡ್ಡ ಬಂಡವಾಳ. ‘ಮೆ ಗುಸ್ತ ಎಲ್ ಕಫೇ’ ಎನ್ನುವುದನ್ನು ಇಂಗ್ಲಿಷ್ ಪುಸ್ತಕಗಳು ಮೂರು ಪುಟ ವಿವರಿಸುತ್ತವೆ, ಏಕೆಂದರೆ ಇಂಗ್ಲಿಷ್‌ನಲ್ಲಿ ಕಾಫಿಯನ್ನು ಇಷ್ಟಪಡುವವನು ‘ನಾನು’. ಕನ್ನಡಿಗರಿಗೆ ವಿವರಣೆಯೇ ಬೇಡ: ‘ನನಗೆ ಕಾಫಿ ಇಷ್ಟ’. ಅದೇ ಅಚ್ಚಿನಲ್ಲಿ ‘ಮೆ ದುಎಲೆ ಲ ಕಬೇಸ’ ಎಂದರೆ ನನಗೆ ತಲೆ ನೋಯುತ್ತಿದೆ, ‘ಮೆ ಪರೇಸೆ’ ಎಂದರೆ ನನಗೆ ಅನಿಸುತ್ತದೆ. ‘ಸೆ ಮೆ ಒಲ್ಬಿದೋ’ ಎಂದರೆ ನನಗೆ ಮರೆತುಹೋಯಿತು. ಮರೆತದ್ದು ನಾನಲ್ಲ, ಅದಾಗಿ ಮರೆತುಹೋಯಿತು. ತಪ್ಪನ್ನು ನಯವಾಗಿ ವಸ್ತುವಿನ ತಲೆಗೆ ಕಟ್ಟುವುದರಲ್ಲಿ ಎರಡು ಭಾಷೆಗಳೂ ಒಂದೇ. ಲೋಟ ಕೈಜಾರಿದರೆ ‘ಸೆ ಮೆ ಕಯೋ’, ಬಿದ್ದುಹೋಯಿತು! ‘ನಾನು ಬೀಳಿಸಿದೆ’ ಎಂದು ಇಂಗ್ಲಿಷ್ ಧಾಟಿಯಲ್ಲಿ ಕಟ್ಟಿದರೆ ಬೇಕೆಂದೇ ಎಸೆದಂತೆ ಕೇಳಿಸೀತು.

ಕರ್ಮಪದದಲ್ಲೂ ಇಂಥದೇ ನಂಟು. ನಾವು ‘ಮನೆ ನೋಡಿದೆ’ ಎನ್ನುತ್ತೇವೆ, ಆದರೆ ‘ಮರಿಯಾ ನೋಡಿದೆ’ ಎನ್ನುವುದಿಲ್ಲ, ‘ಮರಿಯಾಳನ್ನು ನೋಡಿದೆ’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲೂ ಮನೆಗೆ ‘ಬೀ ಲ ಕಾಸ’, ಮನುಷ್ಯರಿಗೆ ಮಾತ್ರ ನಡುವೆ ಒಂದು ‘ಆ’: ‘ಬೀ ಆ ಮರೀಅ’. ಆ ‘ಆ’ ನಮ್ಮ ‘ಅನ್ನು’ ಎಂದುಕೊಂಡರೆ ಅರ್ಧ ವ್ಯಾಕರಣ ಹಗುರ. ಕ್ರಿಯಾಪದದ ಕೊನೆಯಲ್ಲೇ ಯಾರು ಎಂಬುದು ತಿಳಿಯುವುದರಿಂದ ‘ನಾನು’, ‘ನೀನು’ ಪ್ರತಿ ಸಲ ಬೇಕಿಲ್ಲ. ಹೋದೆ, ಹೋಗುತ್ತಿದ್ದೆ ಎಂಬ ಭೇದ ಅಲ್ಲಿನ ‘ಫುಇ’, ‘ಈಬ’ ಭೇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಎಲ್ಲೆಡೆ ಈ ಊರುಗೋಲು ನಡೆಯದು. ‘ಇರು’ ಎನ್ನಲು ಅಲ್ಲಿರುವ ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳ ಜೋಡಿಯನ್ನೇ ನೋಡಿ. ‘ಅವರು ಡಾಕ್ಟರ್’ ಎಂದು ಕ್ರಿಯಾಪದವಿಲ್ಲದೆ ಹೇಳುವ ಕಡೆ ‘ಎಸ್ ಮೇದಿಕೊ’, ‘ಮನೆಯಲ್ಲಿದ್ದಾರೆ’ ಎನ್ನುವ ಕಡೆ ‘ಎಸ್ತಾ ಎನ್ ಕಾಸ’, ‘ಕಾಫಿ ಬಿಸಿಯಾಗಿದೆ’ ಎನ್ನಲು ‘ಎಸ್ತಾ ಕಲಿಯೆಂತೆ’. ಇಷ್ಟರವರೆಗೆ ಕನ್ನಡ ಕೈಹಿಡಿಯುತ್ತದೆ. ‘ಮರಿಯಾ ಎತ್ತರವಾಗಿದ್ದಾಳೆ’ ಎನ್ನುವಾಗ ಕೈಬಿಡುತ್ತದೆ, ಅದು ಹುಟ್ಟುಗುಣವಾದ್ದರಿಂದ ‘ಎಸ್ ಆಲ್ತ’. ಹಸಿವು, ಸೆಕೆ ಎಲ್ಲ ‘ನನಗೆ’ ಆಗುವುದಿಲ್ಲ, ‘ನನ್ನ ಬಳಿ ಇರುತ್ತವೆ’: ‘ತೆಂಗೊ ಆಂಬ್ರೆ’, ‘ತೆಂಗೊ ಕಲೋರ್’. ಸೆಕೆಯಾಗಿದೆ ಎನ್ನಲು ‘ಎಸ್ತೊಯ್ ಕಲಿಯೆಂತೆ’ ಎಂದರೆ ಕಾಮೋದ್ರೇಕ ಎಂಬ ಅರ್ಥ ಬರುತ್ತದೆ. ಇನ್ನು ಮೇಜು ಹೆಣ್ಣು, ಸಮಸ್ಯೆ ಗಂಡು, ಕೈ ಹೆಣ್ಣು ಎಂಬ ಲಿಂಗಭೇದಕ್ಕೆ ಬಾಯಿಪಾಠವೇ ಗತಿ. ಪದವನ್ನು ಒಂಟಿಯಾಗಿ ಕಲಿಯಬೇಡಿ, ‘ಲ ಮೇಸ’, ‘ಎಲ್ ಪ್ರೊಬ್ಲೇಮ’, ‘ಲ ಮಾನೊ’ ಎಂದು ಜೋಡಿಯಾಗಿಯೇ ಕಲಿಯಿರಿ.

ಮರ್ಯಾದೆಯ ಮಾತು ನಮಗೆ ಹೊಸದಲ್ಲ: ನೀನು ‘ತೂ’, ತಾವು ‘ಉಸ್ತೇದ್’. ಸ್ಪೇನ್‌ನಲ್ಲಿ ಬೇಗ ‘ತೂ’ಗೆ ಇಳಿಯುತ್ತಾರೆ, ಕೊಲಂಬಿಯದ ಬೊಗೊತದಲ್ಲಿ ಗೆಳೆಯರ ನಡುವೆಯೂ ‘ಉಸ್ತೇದ್’ ಕೇಳಿಸುತ್ತದೆ. ಅನುಮಾನವಿದ್ದರೆ ‘ಉಸ್ತೇದ್’ ಎನ್ನಿ, ತೂ ಎನ್ನಬಹುದೆಂದು ಅವರೇ ಹೇಳುತ್ತಾರೆ. ಬೊಗೊತದಲ್ಲಿ ‘ಮೆ ರ್ರೆಗಾಲ ಉನ್ ಕಫೇ?’ ಎಂದು ಕಾಫಿಯನ್ನು ಉಡುಗೊರೆಯಾಗಿ ಬೇಡುತ್ತಾರೆ, ದುಡ್ಡು ಕೊಟ್ಟೇ. ಸ್ಪೇನ್‌ನಲ್ಲಿ ಬಸ್ಸು ಹಿಡಿಯಲು ಬಳಸುವ ‘ಕೊಹೇರ್’ ಎಂಬ ಸಾಧು ಕ್ರಿಯಾಪದ ಮೆಕ್ಸಿಕೊ, ಅರ್ಜೆಂಟೀನದಲ್ಲಿ ಅಶ್ಲೀಲ. ಅಲ್ಲಿ ‘ತೊಮಾರ್’ ಎನ್ನಬೇಕು. ‘ಎಂಬರಸಾದ’ ಎಂದರೆ ಮುಜುಗರಗೊಂಡವಳಲ್ಲ, ಬಸುರಿ.

ಹೊರಡುವ ಮುನ್ನ ನಲವತ್ತರಿಂದ ಅರವತ್ತು ಗಂಟೆಯ ಕಲಿಕೆ ಮುಗಿಸಿ. ಏನೂ ಗೊತ್ತಿಲ್ಲದವರ ಕಿವಿಗೆ ಇಡೀ ಊರು ಬರೀ ಸದ್ದು. ಸದ್ದಿನಿಂದ ಭಾಷೆ ಹುಟ್ಟುವುದಿಲ್ಲ. ವರ್ತಮಾನ ಕಾಲ, ನಿತ್ಯದ ಹತ್ತು ಕ್ರಿಯಾಪದಗಳ ಭೂತಕಾಲ, ಒಂದರಿಂದ ಸಾವಿರ ಅಂಕಿ ಇಷ್ಟು ಕೈಯಲ್ಲಿರಲಿ. ಅಂಕಿಗಳನ್ನು ಕಣ್ಣಲ್ಲಿ ಓದಿ ಕಲಿತರೆ ಸಾಲದು, ಕಿವಿಯಲ್ಲಿ ಕಲಿಯಬೇಕು. ಅರವತ್ತು ‘ಸೆಸೆಂತ’, ಎಪ್ಪತ್ತು ‘ಸೆತೆಂತ’; ಅಂಗಡಿಯ ಗದ್ದಲದಲ್ಲಿ ಎರಡೂ ಒಂದೇ. ಎರಡು ‘ದೋಸ್’, ಹನ್ನೆರಡು ಲ್ಯಾಟಿನ್ ಅಮೆರಿಕದಲ್ಲಿ ಸಾಕ್ಷಾತ್ ‘ದೋಸೆ’, ಸ್ಪೇನ್‌ನ ಬಹುಪಾಲು ಕಡೆ ಆ ಸೆ ನಾಲಿಗೆ ಹಲ್ಲಿನ ನಡುವೆ ಬರುವ ಥೆ. ಸ್ಪೇನ್‌ನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, 3,50 ಎಂದರೆ ಮೂರೂವರೆ ಯೂರೊ.

ಸೋಮವಾರದ ಮಟ್ಟ ಪರೀಕ್ಷೆಯಲ್ಲಿ ಆಗುವ ಎಡವಟ್ಟು ಬಹುಮಟ್ಟಿಗೆ ಒಂದೇ ಬಗೆಯದು. ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಲ್ಲಿ ನಮ್ಮವರು ಗೆಲ್ಲುತ್ತಾರೆ, ಮೂರನೇ ಮಟ್ಟವಾದ ಬಿ1 ತರಗತಿಗೆ ಹೋಗಿ ಕೂರುತ್ತಾರೆ, ಬಾಯಿ ಬಿಡಲಾಗದೆ ಮೂರು ವಾರ ಮೂಕರಾಗುತ್ತಾರೆ. ಮಟ್ಟ ಕೆಳಗಿಳಿಸಿ ಎಂದು ಕೇಳುವುದು ಅವಮಾನವೆಂಬ ಭಾವನೆ ಬೇರೆ. ಮಂಗಳವಾರ ಸಂಜೆಯೊಳಗೆ ತೀರ್ಮಾನಿಸಿ, ಬುಧವಾರ ಬದಲಾಯಿಸಿ. ತರಗತಿಯಲ್ಲಿ ಹತ್ತರಲ್ಲಿ ಏಳು ವಾಕ್ಯ ಅರ್ಥವಾಗುತ್ತಿದ್ದರೆ ಮಟ್ಟ ಸರಿ, ನಾಲ್ಕಾದರೆ ಮೇಲಾಯಿತು.

ಆ 95 ಗಂಟೆಯನ್ನು ತಿನ್ನುವ ಗೆದ್ದಲು ಫೋನು. ಅಮೆರಿಕದ ವರ್ಮಾಂಟ್‌ನಲ್ಲಿರುವ ಮಿಡಲ್‌ಬರಿ ಭಾಷಾ ಶಾಲೆಗಳಲ್ಲಿ ಕಲಿಯುವ ಭಾಷೆ ಬಿಟ್ಟು ಬೇರೆ ಆಡುವುದಿಲ್ಲ ಎಂದು ವಿದ್ಯಾರ್ಥಿಗಳು ಸಹಿ ಹಾಕಿ ಪ್ರತಿಜ್ಞೆ ಮಾಡಬೇಕು. ಅಷ್ಟು ಬಿಗಿ ಎಲ್ಲರಿಗೂ ಬೇಡ. ಮನೆಗೆ ವಿಡಿಯೊ ಕರೆ ದಿನಾ ಒಂದು ಗಂಟೆಯ ಬದಲು ವಾರಕ್ಕೆ ಎರಡು ಸಲ ಅರ್ಧ ಗಂಟೆ ಸಾಕು, ಇದನ್ನು ಅಪ್ಪ-ಅಮ್ಮನ ಜತೆ ಹೊರಡುವ ಮುನ್ನವೇ ಒಪ್ಪಂದ ಮಾಡಿಕೊಳ್ಳಿ. ಅನುವಾದದ ಆ್ಯಪ್ ಔಷಧಾಲಯಕ್ಕೂ ಪೊಲೀಸ್ ಠಾಣೆಗೂ ಇರಲಿ, ಊಟದ ಮೇಜಿಗೆ ಬೇಡ. ಸಂತೆಗೆ ಹೋಗಿ ಕಾಲು ಕಿಲೊ, ಅರ್ಧ ಕಿಲೊ ಲೆಕ್ಕದಲ್ಲಿ ಹಣ್ಣು ಕೊಳ್ಳಿ. ಸ್ಪೇನ್‌ನ ಸಂತೆಗಳಲ್ಲಿ ಸಾಲು ಕಣ್ಣಿಗೆ ಕಾಣುವುದಿಲ್ಲ. ಬಂದವರು ‘ಕಿಯೆನ್ ಎಸ್ ಎಲ್ ಊಲ್ತಿಮೊ?’, ಕೊನೆಯವರು ಯಾರು, ಎಂದು ಕೇಳಿ ಅವರ ಹಿಂದಿನ ಸರದಿ ತಮ್ಮದೆಂದು ನೆನಪಿಟ್ಟುಕೊಳ್ಳುತ್ತಾರೆ. ಕೇಳದೆ ನಿಂತವರು ಅಲ್ಲೇ ನಿಂತಿರುತ್ತಾರೆ. ‘ಇಂತೆರ್ಕಾಂಬಿಯೊ’ ಎಂಬ ಭಾಷಾ ವಿನಿಮಯದಲ್ಲಿ ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ಇಂಗ್ಲಿಷ್. ಗಡಿಯಾರ ಇಡದಿದ್ದರೆ ಇಡೀ ಗಂಟೆ ಇಂಗ್ಲಿಷ್ ನುಂಗುತ್ತದೆ.

ಎರಡನೇ ವಾರದ ಆಸುಪಾಸು ತಲೆ ಭಾರವಾಗುವುದು, ಸಂಜೆಯಾದರೆ ಯಾರ ಜತೆಗೂ ಮಾತು ಬೇಡವೆನಿಸುವುದು ಸಹಜ. ಹಗಲಿಡೀ ಪರಭಾಷೆ ಕೇಳುವುದು ಮೈಮುರಿಯುವ ದುಡಿಮೆ. ಆಗ ಒಂದು ಗಂಟೆ ಮಲಗಿ, ಒಬ್ಬರೇ ನಡೆದು ಬನ್ನಿ. ಕೋಣೆ ಬಾಗಿಲು ಹಾಕಿ ಕನ್ನಡ ಸಿನಿಮಾ ಹಚ್ಚಿದರೆ ಒಂದು ಸಂಜೆ ಎರಡಾಗುತ್ತದೆ, ಎರಡು ವಾರವಾಗುತ್ತದೆ.

ಕೊನೆಯ ವಾರ ಶಾಲೆಯಿಂದ ಪ್ರಮಾಣಪತ್ರ ಪಡೆಯುವಾಗ ಅದರಲ್ಲಿ ಮಟ್ಟ, ದಿನಾಂಕ, ಒಟ್ಟು ಗಂಟೆ ಮೂರೂ ಇರಬೇಕು. ‘ಹಾಜರಾಗಿದ್ದರು’ ಎಂದಷ್ಟೇ ಬರೆದ ಕಾಗದಕ್ಕೆ ಮುಂದೆ ಕ್ರೆಡಿಟ್ ಸಿಗುವುದು ಕಷ್ಟ. ಉದ್ಯೋಗಕ್ಕೋ ಉನ್ನತ ಓದಿಗೋ ಬೇಕಾದರೆ ಸೆರ್ವಾಂತೆಸ್ ಸಂಸ್ಥೆಯ ‘ದೇಲೆ’ ಪರೀಕ್ಷೆ ಬರೆಯಿರಿ, ಆ ಡಿಪ್ಲೊಮಾಕ್ಕೆ ಅವಧಿ ಮುಗಿಯುವುದಿಲ್ಲ, ಆದರೆ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆತುರವಿದ್ದವರಿಗೆ ಕಂಪ್ಯೂಟರ್‌ನಲ್ಲಿ ಬರೆಯುವ ‘ಸಿಯೇಲೆ’ ಇದೆ, ಫಲಿತಾಂಶ ಸುಮಾರು ಮೂರು ವಾರದಲ್ಲಿ, ಸಿಂಧುತ್ವ ಐದು ವರ್ಷ.

ತಮ್ಮಲ್ಲಿ ಒಂದು ಬಿನ್ನಹ. ಇಂಥ ಕೋರ್ಸ್‌ಗಳ ಮಾಹಿತಿಯನ್ನು ಪುರವಣಿಯಲ್ಲಿ ಮುದ್ರಿಸುವಾಗ ವಾರಗಳ ಸಂಖ್ಯೆಯ ಜತೆಗೆ ನಾಲ್ಕು ಅಂಕಿಗಳನ್ನೂ ಕೊಡಿ: ಪಾಠವೊಂದರ ನಿಮಿಷ, ವಾರದ ನಿಜವಾದ ಗಂಟೆ, ತರಗತಿಯ ಗರಿಷ್ಠ ಸಂಖ್ಯೆ, ಒಂದು ಮನೆಯಲ್ಲಿ ಇರಿಸುವ ವಿದ್ಯಾರ್ಥಿಗಳ ಸಂಖ್ಯೆ. ಇವನ್ನು ತಿಳಿಸಲು ಹಿಂಜರಿಯುವ ಶಾಲೆಯ ಹೆಸರನ್ನು ಪಟ್ಟಿಯಿಂದ ಬಿಟ್ಟರೂ ಓದುಗರಿಗೆ ನಷ್ಟವಿಲ್ಲ.

– ಸ್ಪ್ಯಾನಿಷ್ ಬೋಧಕರಿಬ್ಬರು